ಶುದ್ಧ ಸಂಗೀತದ ಖರ್ಚು ಯಾರದು?

ಪೂರ್ತಿ ಕೇಳಿಯೇ ಇರದ ಒಂದು ಆಲ್ಬಮ್ಮನ್ನು ನಾನು ಸುಮಾರು ಎಂಟು ವರ್ಷ ಬೈದುಕೊಂಡು ತಿರುಗಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಏಕೆಂದರೆ ಈ ಬರಹ ಆ ಬೈಗುಳದ ಬಗ್ಗೆಯೇ ಇದೆ.

ಡಿಗ್ರಿ ಓದಲು ಕಲಬುರಗಿಯ ಹಾಸ್ಟೆಲ್ಲಿಗೆ ಬಂದಾಗ ನನಗೆ ಗೊತ್ತಿದ್ದ ಸಂಗೀತವೆಂದರೆ ಊರಿನ ಭಜನೆ, ಮೊಹರಂ ಪದಗಳು, ಟಂಟಂ ಗಾಡಿಯಲ್ಲಿ ಕೇಳುವ ಸಿನಿಮಾ ಹಾಡುಗಳು, ಅಷ್ಟೆ. ರೂಮಿನ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಒಂದಿಷ್ಟು ಹಾಡು ಹಾಕಿಕೊಟ್ಟ. ಊರು ಯಾವುದೆಂದು ಕೇಳಿದ. ಕೊಡ್ಲಿ ಎಂದೆ. ನಮ್ಮ ಕಡೆಯ ಮಾತಿನಲ್ಲಿ ಕೊಡ್ಲಿ ಎಂದರೆ ಕಟ್ಟಿಗೆ ಕಡಿಯುವ ಕೊಡಲಿಯೂ ಹೌದು. ಅವನು ನಕ್ಕು, ‘ರಾಕ್ ಮಂದಿ ಗಿಟಾರಿಗೆ ಇಂಗ್ಲಿಷಿನ್ಯಾಗ ಕೊಡ್ಲಿ ಅಂತಾರಲೇ, ನೀ ಇದನ್ನ ಕೇಳಲೇಬೇಕು’ ಎಂದ. ಆ ಪೆನ್‌ಡ್ರೈವಿನಲ್ಲಿ ಮೊದಲಿಗಿದ್ದದ್ದು ಅಮೆರಿಕದ ಫ್ಲೋರಿಡಾದ ಮಾರ್ಬಿಡ್ ಏಂಜೆಲ್ ತಂಡದ ಮೊದಲ ಆಲ್ಬಮ್, 1989ರ ‘ಆಲ್ಟರ್ಸ್ ಆಫ್ ಮ್ಯಾಡ್‌ನೆಸ್’.

ಡೆತ್ ಮೆಟಲ್ ಕೇಳಿರದವರಿಗೆ ಎರಡು ಮಾತು. 1980ರ ದಶಕದ ಕೊನೆಯ ಹೊತ್ತಿಗೆ ಫ್ಲೋರಿಡಾದ ಟ್ಯಾಂಪಾ ಸುತ್ತಮುತ್ತ ಗಟ್ಟಿಯಾಗಿ ಬೇರೂರಿದ ಸಂಗೀತ ಇದು. ಗಿಟಾರಿನ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ಕೆಳಕ್ಕಿಳಿಸುತ್ತಾರೆ. ಡ್ರಮ್ಮನ್ನು ಎಣಿಸಲಾರದಷ್ಟು ವೇಗದಲ್ಲಿ ಬಾರಿಸುತ್ತಾರೆ. ಹಾಡುವವನ ದನಿ ಗಂಟಲಾಳದ ಗುಟುರು. ಮಾತು ಕೇಳಿಸುವುದಿಲ್ಲ, ಮಾತಿನ ಭಾರ ಮಾತ್ರ ಕೇಳಿಸುತ್ತದೆ. ಮೊದಲ ಸಲ ಕೇಳಿದಾಗ ನನಗೆ ವಾಡಿಯ ಸಿಮೆಂಟ್ ಕಾರ್ಖಾನೆಯ ಪಕ್ಕ ನಿಂತ ಹಾಗಾಯಿತು. ಮೂರನೆಯ ಸಲ ಕೇಳುವಾಗ ಆ ಸದ್ದಿನೊಳಗೆ ಒಂದು ಕಟ್ಟಡ ಕಾಣಿಸತೊಡಗಿತು. ಆಮೇಲೆ ಬಿಡಲಾಗಲಿಲ್ಲ. ಬೆಂಗಳೂರಿನ ‘ದ್ವೇಷ’ ಎಂಬ ತಂಡ ಇದೇ ಸಂಗೀತವನ್ನು ಕನ್ನಡದಲ್ಲಿ ಹಾಡಿ 2014ರಲ್ಲಿ ‘ಸ್ತೂಪ’ ಎಂಬ ಆಲ್ಬಮ್ ತಂದಿದೆ ಎಂದು ಗೊತ್ತಾದಾಗಲಂತೂ, ಸ್ತೂಪ ಎಂದರೆ ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿ ಎಂದೇ ತಿಳಿದಿದ್ದ ನನಗೆ, ಈ ಸಂಗೀತ ನಮ್ಮ ಮನೆಯದೇ ಅನ್ನಿಸಿಬಿಟ್ಟಿತು.

ಮನೆಯದು ಅನ್ನಿಸಿದ ಮೇಲೆ ಕಾವಲಿಗೆ ನಿಲ್ಲುವ ಆಸೆಯೂ ಹುಟ್ಟುತ್ತದೆ. ಮಾರ್ಬಿಡ್ ಏಂಜೆಲ್ ತಂಡಕ್ಕೆ ಒಂದು ರೂಢಿಯಿದೆ. ಆಲ್ಬಮ್ಮುಗಳ ಹೆಸರನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಇಡುತ್ತಾರೆ. ಮೊದಲನೆಯದು ಎ, ನಂತರದ್ದು ಬಿ, ಹೀಗೆ. 2003ಕ್ಕೆ ಎಚ್ ಬಂತು. ಆಮೇಲೆ ಎಂಟು ವರ್ಷ ಮೌನ. 1996ರಲ್ಲಿ ತಂಡ ಬಿಟ್ಟಿದ್ದ ಹಾಡುಗಾರ ಡೇವಿಡ್ ವಿನ್ಸೆಂಟ್ 2004ರಲ್ಲಿ ಮರಳಿದ್ದ. ಹಾಗಾಗಿ ಐ ಅಕ್ಷರದ ಆಲ್ಬಮ್ಮಿಗಾಗಿ ಲೋಕದ ತುಂಬ ಅಭಿಮಾನಿಗಳು ಕಾದು ಕೂತಿದ್ದರು. 2011ರ ಜೂನಿನಲ್ಲಿ ಅದು ಬಂತು: ‘ಇಲ್ಲುಡ್ ಡಿವಿನಮ್ ಇನ್‌ಸೇನಸ್’. ಹಾಕಿ ಕೇಳಿದರೆ, ಡೆತ್ ಮೆಟಲ್ ಹಾಡುಗಳ ನಡುನಡುವೆ ಯಂತ್ರದ ತಾಳ, ಡಾನ್ಸ್ ಕ್ಲಬ್ಬಿನ ದಡಬಡ, ಯುರೋಪಿನ ಗ್ಯಾಬರ್ ಎಂಬ ಅತಿವೇಗದ ಎಲೆಕ್ಟ್ರಾನಿಕ್ ಸಂಗೀತದ ಛಾಯೆ! ಅಭಿಮಾನಿಗಳು ಕೆರಳಿದರು. ಲೋಹಸಂಗೀತದ ಚರಿತ್ರೆಯಲ್ಲಿ ಇಷ್ಟು ಒಮ್ಮತದಿಂದ ಬೈಸಿಕೊಂಡ ಆಲ್ಬಮ್ಮುಗಳು ಕಡಿಮೆ.

ನಾನು ಅದರ ಹತ್ತಿರ ಬಂದಾಗ ಬೈಗುಳ ಆಗಲೇ ಹಳೆಯದಾಗಿ ಗಾದೆಯಂತಾಗಿತ್ತು. ಎರಡನೆಯ ಹಾಡನ್ನು ಅರ್ಧ ಕೇಳಿ ನಿಲ್ಲಿಸಿದೆ. ಅಷ್ಟು ಸಾಕಾಯಿತು. ‘ದ್ರೋಹ’ ಎಂದೆ. ‘ಮಾರಿಕೊಂಡರು’ ಎಂದೆ. ‘ಕಲಬೆರಕೆ’ ಎಂದೆ. ಹಾಸ್ಟೆಲ್ಲಿನ ಕಟ್ಟೆಯ ಮೇಲೆ ಕೂತು ಈ ಮಾತುಗಳನ್ನು ಎಷ್ಟು ಸಲ ಹೇಳಿದೆನೋ.

ಈಗ ಆ ಮೂರು ಮಾತುಗಳನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಅವುಗಳಲ್ಲಿ ಒಂದೂ ಸಂಗೀತದ ಮಾತಲ್ಲ. ಶ್ರುತಿ ಸೇರಿಲ್ಲ, ಲಯ ಸಪ್ಪೆಯಾಗಿದೆ, ಹಾಡು ಉದ್ದವಾಯಿತು ಎಂದು ನಾನು ಹೇಳಲೇ ಇಲ್ಲ. ದ್ರೋಹ ಎನ್ನುವುದು ಸಂಬಂಧದ ಮಾತು. ಮಾರಿಕೊಳ್ಳುವುದು ಮಾನದ ಮಾತು. ಕಲಬೆರಕೆ ಎನ್ನುವುದನ್ನು ನಾವು ಎಣ್ಣೆಗೆ, ಹಾಲಿಗೆ ಬಳಸುತ್ತೇವೆ. ಅದನ್ನೇ ತುಸು ಮೋಟು ಮಾಡಿ ಬೆರಕೆ ಎಂದು ಮನುಷ್ಯರ ಹುಟ್ಟಿಗೂ ಬಳಸಿಬಿಡುತ್ತೇವೆ. ಒಂದು ಆಲ್ಬಮ್ ಕೆಟ್ಟದಾಗಿದೆ ಎನ್ನಬೇಕಾದಲ್ಲಿ ಅದು ಮಾಡಬಾರದ್ದನ್ನು ಮಾಡಿದೆ ಎಂದೆ. ಇವೆರಡರ ನಡುವಿನ ಅಂತರ ನನಗೆ ತಿಳಿದದ್ದು ಯಾವ ಪುಸ್ತಕದಿಂದಲೂ ಅಲ್ಲ, ನಮ್ಮೂರಿನ ಜಾತ್ರೆಯಲ್ಲಿ.

ನನ್ನ ಪಿಎಚ್‌ಡಿ ವಿಷಯ ನಮ್ಮ ಸೀಮೆಯ ಬಡಿವಾದ್ಯಗಳು. ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಜಾತ್ರೆ, ಮೊಹರಂ, ಮದುವೆ, ಸಾವುಗಳಲ್ಲಿ ಬಾರಿಸುವ ಹಲಗಿ ಅದರ ನಡುಮನೆ. ಎರಡು ವರ್ಷದ ಹಿಂದೆ ರೆಕಾರ್ಡರ್ ಹಿಡಿದುಕೊಂಡು ಊರಿಗೆ ಹೋದೆ. ಜಾತ್ರೆಯ ಮೆರವಣಿಗೆ ಹೊರಟಿತ್ತು. ಮುಂದೆ ಹಲಗಿ ಇರಲಿಲ್ಲ. ಟಂಟಂ ಗಾಡಿಯೊಂದರ ಮೇಲೆ ಆಳೆತ್ತರದ ಸ್ಪೀಕರ್ ಡಬ್ಬಿಗಳು, ಬಣ್ಣದ ದೀಪ, ಜನರೇಟರು. ಡಬ್ಬಿಗಳ ಹಿಂದೆ ಲ್ಯಾಪ್‌ಟಾಪ್ ಹಿಡಿದು ನಿಂತವನು ನನ್ನ ಜೊತೆ ಏಳನೇ ತರಗತಿಯವರೆಗೆ ಓದಿದವನು. ಅವನ ಅಪ್ಪನ ಹಲಗಿಯನ್ನು ಕೇಳಿಯೇ ನಾನು ಈ ವಿಷಯ ಆರಿಸಿಕೊಂಡಿದ್ದು.

ಮೆರವಣಿಗೆ ಮುಗಿದ ಮೇಲೆ ಅವನ ಹತ್ತಿರ ಹೋಗಿ, ತಿಳಿದವನ ಗತ್ತಿನಲ್ಲೇ ಮಾತಾಡಿದೆ. ಇದೆಲ್ಲ ಯಾಕೆ ಬೇಕು, ನಿಮ್ಮ ಮನೆಯಲ್ಲಿ ಇಂಥ ಕಲೆ ಇದೆ, ಈ ಡಬ್ಬಿ ಬಂದು ಅದು ಹಾಳಾಗುತ್ತಿದೆ, ನಾಳೆ ಅಪ್ಪನ ಜೊತೆ ನೀನೂ ಹಲಗಿ ಹಿಡಿ, ನಾನು ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದೆ. ಅವನು ವೈರು ಸುತ್ತುತ್ತಲೇ ಕೇಳಿಸಿಕೊಂಡ. ಆಮೇಲೆ ಹೇಳಿದ:

‘ನಿನ್ನ ಪಿಎಚ್‌ಡಿ ಆಗ್ಲಾಕ ನಾ ಹಲಗಿ ಬಡೀಬೇಕೇನ್ ದೋಸ್ತ?’

ನಾನು ಸುಮ್ಮನಾದೆ. ಅವನು ಸುಮ್ಮನಾಗಲಿಲ್ಲ.

‘ನಮ್ಮ ಮುತ್ಯಾ ಬಡ್ದಾನ, ನಮ್ಮಪ್ಪ ಬಡ್ದಾನ. ಹೆಣದ ಮುಂದ ಬಡ್ದಾರ, ದೇವರ ಮುಂದ ಬಡ್ದಾರ, ಗುಡಿ ಹೊರಗ ನಿಂತು ಬಡ್ದಾರ. ಆಗ ಒಬ್ಬರೂ ಬಂದು ಇದು ಕಲಾ ಅದ ಅಂದಿದ್ದಿಲ್ಲ. ಈಗ ನಾ ಬಿಡ್ಲಾಕ ಹೊಂಟೀನಿ. ಈಗ ನಿಮಗ ಅದು ಕಲಾ ಆಗಿ ಕಾಣ್ಲಕತ್ತದ.’

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡಬಾರದು. ನಾನು ಹುಟ್ಟಿದ ಮನೆಯವರು ಹಲಗಿ ಬಾರಿಸುವವರಲ್ಲ. ಹಲಗಿ ಬಾರಿಸಲು ಹೇಳಿಕಳಿಸುವವರು. ಹಲಗಿ ಕೈಗೆ ಬರುವುದು ಹುಟ್ಟಿನಿಂದ, ಅದನ್ನು ಕೆಳಗಿಡುವುದು ಮಾತ್ರ ಹೋರಾಟದಿಂದ. ಲ್ಯಾಪ್‌ಟಾಪಿನ ಹಿಂದೆ ನಿಂತಾಗ ಅವನಿಗೆ ಹುಡುಗರು ‘ಡಿಜೆ ಅಣ್ಣಾ’ ಎನ್ನುತ್ತಾರೆ. ಅವನ ಅಪ್ಪನನ್ನು ಊರು ಯಾವತ್ತೂ ಹೆಸರು ಬಿಟ್ಟು ಇನ್ನೊಂದು ಮರ್ಯಾದೆಯ ಮಾತಿನಿಂದ ಕರೆದದ್ದಿಲ್ಲ. ನಾನು ಕೇಳುತ್ತಿದ್ದ ಶುದ್ಧ ನಾದ ಉಳಿಯಬೇಕಾದರೆ ಅವನು ಆ ಅಣ್ಣನ ಜಾಗದಿಂದ ಇಳಿಯಬೇಕು. ಖರ್ಚು ಅವನದು, ಕೇಳುವ ಸುಖ ನನ್ನದು, ಕೊನೆಗೆ ಬರುವ ಪದವಿಯೂ ನನ್ನದೇ.

ಆ ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ ಯಾಕೋ ಆ ಐ ಅಕ್ಷರದ ಆಲ್ಬಮ್ ನೆನಪಾಯಿತು. ಹಾಸ್ಟೆಲ್ ಕಟ್ಟೆಯ ಮೇಲೆ ನಾನು ಆಡಿದ ಮಾತು, ಸಂಜೆ ಟಂಟಂ ಪಕ್ಕ ನಿಂತು ಆಡಿದ ಮಾತು ಎರಡೂ ಒಂದೇ. ‘ನೀನು ನನಗೆ ಇಷ್ಟವಾದ ಹಾಗೆಯೇ ಇರು.’ ಇಯರ್‌ಫೋನ್ ಹಾಕಿಕೊಂಡು ಹನ್ನೊಂದು ಹಾಡುಗಳನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದೆ.

ಅದು ಮರೆತುಹೋದ ಮಹಾಕೃತಿ ಎಂದು ಹೇಳಿದರೆ ಈ ಪ್ರಬಂಧಕ್ಕೆ ಚೆಂದ ಇರುತ್ತಿತ್ತು. ಆದರೆ ಅದು ಹಾಗಿಲ್ಲ. ‘ಎಕ್ಸಿಸ್ಟೊ ವಲ್ಗೋರೆ’, ‘ನೆವರ್‌ಮೋರ್’ ಮುಂತಾದ ಹಾಡುಗಳು ಹಳೆಯ ರೀತಿಯ ಡೆತ್ ಮೆಟಲ್, ಚೆನ್ನಾಗಿಯೇ ಇವೆ. ‘ಟೂ ಎಕ್ಸ್‌ಟ್ರೀಮ್’, ‘ರ‍್ಯಾಡಿಕಲ್ಟ್’ ಮುಂತಾದವು ಯಂತ್ರದ ತಾಳದವು. ಅವುಗಳಲ್ಲಿ ತಾಳ ಒಂದು ಗೋಡೆಯಂತೆ ನಿಂತಿದೆ, ಗಿಟಾರು ಆ ಗೋಡೆಗೆ ಹಚ್ಚಿದ ಪೋಸ್ಟರಿನಂತಿದೆ. ಯಂತ್ರದ ತಾಳ ಒಂದಿಷ್ಟೂ ಅತ್ತಿತ್ತ ಆಗುವುದಿಲ್ಲ. ಡೆತ್ ಮೆಟಲ್ಲಿನ ಜೀವವಿರುವುದು ಮನುಷ್ಯನ ಕೈಕಾಲು ಮುರಿದುಬೀಳುವ ಅಂಚಿನವರೆಗೆ ಹೋಗಿ ಬೀಳದೆ ಉಳಿಯುವುದರಲ್ಲಿ. ಈ ಎರಡು ಸ್ವಭಾವಗಳು ಒಂದನ್ನೊಂದು ಮಾತಾಡಿಸುವುದಿಲ್ಲ. ಒಂದೇ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಬೇರೆಬೇರೆ ಕಿಟಕಿಗಳಿಂದ ಹೊರಗೆ ನೋಡುವವರಂತಿವೆ. ಆಲ್ಬಮ್ಮಿನ ಸೋಲು ಇದು. ಅದನ್ನು ಹೀಗೆ ಹೇಳಬಹುದಿತ್ತು. ಅದಕ್ಕೆ ದ್ರೋಹ ಎಂಬ ಮಾತು ಬೇಕಿರಲಿಲ್ಲ.

ಇನ್ನು, ಯಾವುದು ಕೆಟ್ಟಿತು ಎಂದು ನಾವು ಕೂಗಿದೆವೋ ಆ ಶುದ್ಧ ಡೆತ್ ಮೆಟಲ್ ಯಾವಾಗ ಇತ್ತು ಎಂದು ಹುಡುಕಹೊರಟರೆ ಕೈಗೆ ಸಿಗುವುದಿಲ್ಲ. ಗಿಟಾರಿನ ಆ ಕರ್ಕಶ ನಾದವೇ ವಿದ್ಯುತ್ತಿನ ಮಗು: ಆಂಪ್ಲಿಫೈಯರಿಗೆ ಅದು ತಡೆಯಲಾರದಷ್ಟು ಸಂಕೇತ ಕೊಟ್ಟಾಗ ಅಲೆಯ ತುದಿಗಳು ಕತ್ತರಿಸಿಹೋಗಿ ಹುಟ್ಟುವ ಸದ್ದು ಅದು. ಅತಿವೇಗದ ಡ್ರಮ್ಮಿನ ಎಷ್ಟೋ ರೆಕಾರ್ಡುಗಳಲ್ಲಿ ಡ್ರಮ್ಮಿಗೆ ಸಣ್ಣ ಸಂವೇದಕ ಕಟ್ಟಿ, ಕಾಲು ತುಳಿದಾಗಲೆಲ್ಲ ಮೊದಲೇ ರೆಕಾರ್ಡ್ ಮಾಡಿಟ್ಟ ಒಂದು ಸ್ಪಷ್ಟ ಏಟು ಹೊಮ್ಮುವಂತೆ ಮಾಡುತ್ತಾರೆ. ‘ಆಲ್ಟರ್ಸ್ ಆಫ್ ಮ್ಯಾಡ್‌ನೆಸ್’ ಬಂದ 1989ರಲ್ಲೇ, ಅದೇ ಇಯರೇಕ್ ಕಂಪನಿಯಿಂದ, ಬರ್ಮಿಂಗ್‌ಹ್ಯಾಮಿನ ಗಾಡ್‌ಫ್ಲೆಶ್ ತಂಡ ಮನುಷ್ಯ ಡ್ರಮ್ಮರನನ್ನೇ ಬಿಟ್ಟು ಡ್ರಮ್ ಮಷೀನ್ ಇಟ್ಟುಕೊಂಡು ‘ಸ್ಟ್ರೀಟ್‌ಕ್ಲೀನರ್’ ತಂದಿತ್ತು. ಸ್ವತಃ ಮಾರ್ಬಿಡ್ ಏಂಜೆಲ್ಲಿನ ಹಾಡುಗಳನ್ನು ಸ್ಲೊವೇನಿಯಾದ ಲೈಬಾಖ್ ತಂಡ ಎಲೆಕ್ಟ್ರಾನಿಕ್ ರೂಪಕ್ಕೆ ತಿರುಗಿಸಿದ ರೆಕಾರ್ಡ್ 1994ರಲ್ಲೇ ಹೊರಬಂದಿತ್ತು. 2011ರಲ್ಲಿ ಬಾಗಿಲು ಮುರಿದು ಒಳಬಂದ ಕಳ್ಳನೆಂದು ನಾವು ಯಾರನ್ನು ಹಿಡಿದೆವೋ ಅವನು ಇಪ್ಪತ್ತು ವರ್ಷದಿಂದ ಅದೇ ಮನೆಯಲ್ಲಿ ಊಟ ಮಾಡುತ್ತಿದ್ದ.

ನಮ್ಮ ಭಜನೆಯದೂ ಇದೇ ಕತೆ. ಪೇಟಿ ಇಲ್ಲದ ಭಜನೆಯನ್ನು ನಮ್ಮ ಊರಿನಲ್ಲಿ ಈಗ ಯಾರೂ ನೆನೆಯಲಾರರು. ಆದರೆ ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಪ್ಯಾರಿಸ್ಸಿನಲ್ಲಿ. 1875ರ ಸುಮಾರಿಗೆ ಕಲ್ಕತ್ತಾದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕಿ ನುಡಿಸುವಂತೆ ಮಾಡಿದರು. ಅದು ಭಾರತೀಯ ಸಂಗೀತವನ್ನು ಕೆಡಿಸುತ್ತದೆಂದು ಆಕಾಶವಾಣಿ 1940ರಲ್ಲಿ ನಿಷೇಧಿಸಿತು. ಆ ನಿಷೇಧ ಸಡಿಲವಾಗಲು ಮೂರು ದಶಕ ಹಿಡಿಯಿತು. ಅಷ್ಟು ಹೊತ್ತಿಗೆ ಹಳ್ಳಿಯ ಗುಡಿಗಳಲ್ಲಿ ಪೇಟಿ ದೇವರಿಗೆ ಅಭ್ಯಾಸವಾಗಿಹೋಗಿತ್ತು.

ಹೀಗೆಂದ ಮಾತ್ರಕ್ಕೆ ಬೆರಸಿದ್ದೆಲ್ಲ ಒಳ್ಳೆಯದು, ಬೆರಕೆಯೇ ಬದುಕು ಎಂದು ಹೇಳಿ ಮುಗಿಸುವಂತಿಲ್ಲ. ಆ ಮಾತು ಈಗ ಬಹಳ ಸುಲಭ, ಭಾಷಣಗಳಲ್ಲಿ ಚಪ್ಪಾಳೆಯನ್ನೂ ತರುತ್ತದೆ. ಆದರೆ ಕೆಲವು ಬೆರಕೆಗಳು ನಿಜಕ್ಕೂ ಒಡೆದುಹೋಗುತ್ತವೆ. ಯಾಕೆ?

ಈ ಪ್ರಶ್ನೆಯನ್ನು ಕನ್ನಡದಲ್ಲಿ ಮೊದಲು ಕೇಳಿದ್ದು ನಮ್ಮ ಸೀಮೆಯಲ್ಲೇ ಎನ್ನುವುದು ನನಗೆ ಹೆಮ್ಮೆಯ ಸಂಗತಿ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿಯ ದಂಡೆಯಲ್ಲಿ ಮುರುಕು ಕೋಟೆ, ನೇಮಿನಾಥ ಬಸದಿ, ಹತ್ತಿರದಲ್ಲೇ ಸಿಮೆಂಟ್ ಕಾರ್ಖಾನೆ. ಒಂಬತ್ತನೆಯ ಶತಮಾನದ ನಡುವೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಹೊಂದಿಕೆಯಿಲ್ಲದೆ ಒಂದೇ ಸಮಾಸದಲ್ಲಿ ಬೆಸೆಯುವುದನ್ನು ದೋಷವೆಂದು ಎಣಿಸುತ್ತದೆ. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರಸಿದ ಹಾಗೆ ಎಂಬರ್ಥದ ಹೋಲಿಕೆ ಅಲ್ಲಿದೆ. ಮುಂದೆ 1112ರಲ್ಲಿ ಮುಳಗುಂದದ ನಯಸೇನ ಕನ್ನಡದೊಳಗೆ ಸಂಸ್ಕೃತವನ್ನು ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರಸುವವರಿಗೆ ಹೋಲಿಸಿ ಗೇಲಿ ಮಾಡಿದ. ಅವನ ಕೃತಿಯ ಹೆಸರು ‘ಧರ್ಮಾಮೃತ’, ಅಪ್ಪಟ ಸಂಸ್ಕೃತ. ಅದನ್ನು ನೆನೆದು ನಾವು ನಗಬಹುದು. ಆದರೆ ಅವನ ಸಿಟ್ಟು ಸುಳ್ಳಲ್ಲ. ಬೆರಸುವವನ ಅಹಂಕಾರವನ್ನು ಅವನು ಕಂಡಿದ್ದ.

ಎರಡು ಹೋಲಿಕೆಗಳೂ ಅಡುಗೆಮನೆಯವು. ಆದರೆ ಎರಡೂ ಒಂದೇ ಅಲ್ಲ. ತುಪ್ಪಕ್ಕೆ ಎಣ್ಣೆ ಯಾವಾಗ ಬೆರಸಿದರೂ ಅದು ಕಲಬೆರಕೆಯೇ. ಹಾಲು-ಮಜ್ಜಿಗೆಯ ಮಾತು ಹಾಗಲ್ಲ. ನಮ್ಮವ್ವ ದಿನಾ ರಾತ್ರಿ ಮಾಡುವ ಕೆಲಸವೇ ಹಾಲಿಗೆ ಮಜ್ಜಿಗೆ ಬೆರಸುವುದು. ಅದಕ್ಕೆ ನಾವು ಹೆಪ್ಪು ಹಾಕುವುದು ಎನ್ನುತ್ತೇವೆ. ಹಾಲು ಕುದಿಯುತ್ತಿರುವಾಗ ಹಾಕಿದರೆ ಒಡೆದು ನೀರು ಬೇರೆ ಗಟ್ಟಿ ಬೇರೆ ಆಗುತ್ತದೆ. ಪೂರ್ತಿ ಆರಿದ ಮೇಲೆ ಹಾಕಿದರೆ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅವ್ವ ಬೆರಳು ಅದ್ದಿ ನೋಡುತ್ತಾಳೆ. ಬೆರಳು ತಡೆಯುವಷ್ಟು ಬಿಸಿ ಇರಬೇಕು. ಹಾಕಿದ ಮೇಲೆ ಪಾತ್ರೆಯನ್ನು ಅಲುಗಿಸಬಾರದು, ಬೆಳಗಿನವರೆಗೆ ಬಿಡಬೇಕು. ಪದಾರ್ಥ ಅದೇ, ಹನಿ ಅದೇ. ಒಡೆಯುವುದಕ್ಕೂ ಹೆಪ್ಪುಗಟ್ಟುವುದಕ್ಕೂ ನಡುವೆ ಇರುವುದು ಬೆರಸುವವರ ಬೆರಳು ಮತ್ತು ಅವರು ಕಾಯುವ ರಾತ್ರಿ. ‘ಕವಿರಾಜಮಾರ್ಗ’ವನ್ನು ಬರೆದವನಿಗೆ ಸಂಸ್ಕೃತದ ಮೇಲೆ ಹಗೆ ಇರಲಿಲ್ಲ, ಅವನ ಪುಸ್ತಕವೇ ಸಂಸ್ಕೃತದ ಕಾವ್ಯಮೀಮಾಂಸೆಯನ್ನು ಕನ್ನಡದ ಪಾತ್ರೆಯಲ್ಲಿ ಹೆಪ್ಪುಹಾಕಿದ್ದು.

ಡೆತ್ ಮೆಟಲ್ಲಿಗೂ ಎಲೆಕ್ಟ್ರಾನಿಕ್ ಸಂಗೀತಕ್ಕೂ ಹಾಗೆ ಹೆಪ್ಪುಗಟ್ಟಿದ್ದನ್ನು ನಾನು ಕೇಳಿದ್ದು 2024ರ ಅಕ್ಟೋಬರಿನಲ್ಲಿ. ಅಮೆರಿಕದ ಡೆನ್ವರಿನ ಬ್ಲಡ್ ಇನ್‌ಕ್ಯಾಂಟೇಶನ್ ತಂಡದ ‘ಆಬ್ಸೊಲ್ಯೂಟ್ ಎಲ್ಸ್‌ವೇರ್’. ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ಮಾಡಿದ್ದು. ಎರಡೇ ರಚನೆಗಳು, ಒಂದೊಂದರಲ್ಲೂ ಮೂರು ಭಾಗ. ಗುಟುರು, ಡ್ರಮ್ಮಿನ ಮಳೆ ಎಲ್ಲ ಇದ್ದಕ್ಕಿದ್ದಂತೆ ತೆರೆದುಕೊಂಡು ಸಿಂಥಸೈಜರಿನ ನಿಧಾನದ ಬಯಲು ಬರುತ್ತದೆ. ಅದರ ಒಂದು ಭಾಗದಲ್ಲಿ ಜರ್ಮನಿಯ ಹಳೆಯ ಎಲೆಕ್ಟ್ರಾನಿಕ್ ತಂಡ ಟ್ಯಾಂಜರೀನ್ ಡ್ರೀಮ್‌ನ ಥಾರ್ಸ್ಟನ್ ಕ್ವೆಶ್ನಿಂಗ್ ಕೂಡ ನುಡಿಸಿದ್ದಾರೆ. ಅಂದರೆ ಬೇರೆ ಮನೆಯ ಪದಾರ್ಥವನ್ನು ಎತ್ತಿಕೊಂಡು ಬರುವ ಬದಲು ಆ ಮನೆಯವರನ್ನೇ ಕರೆದು ಕೂರಿಸಿಕೊಂಡರು. ಅದಕ್ಕೂ ಎರಡು ವರ್ಷ ಮೊದಲು, 2022ರಲ್ಲಿ, ಈ ತಂಡ ಗುಟುರು, ಡ್ರಮ್ಮು ಒಂದೂ ಇಲ್ಲದ ‘ಟೈಮ್‌ವೇವ್ ಜೀರೋ’ ಎಂಬ ಬರೀ ಸಿಂಥಸೈಜರಿನ ರೆಕಾರ್ಡನ್ನೇ ಮಾಡಿತ್ತು. ಹಾಲನ್ನು ಆರಿಸುತ್ತಾ ಕೂತಿದ್ದರು ಎನ್ನಬಹುದು. 2011ರಲ್ಲಿ ಬೈದ ಲೋಕವೇ 2024ರಲ್ಲಿ ಇದನ್ನು ಎತ್ತಿ ಮೆರೆಸಿತು.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ತಾಳಯಂತ್ರ, ಸಿಂಥಸೈಜರುಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಡಿಸ್ಕೊ ತಾಳದ ರೆಕಾರ್ಡ್ ತಂದರು. ಆಗ ಅದನ್ನು ಕೇಳಿದವರೇ ಕಡಿಮೆ. ಸುಮಾರು ಮೂರು ದಶಕದ ಮೇಲೆ ಯುರೋಪಿನಲ್ಲಿ ಅದು ಮರುಮುದ್ರಣವಾದಾಗ ಜಗತ್ತು ಬೆರಗಾಯಿತು. ಹೆಪ್ಪುಗಟ್ಟಲು ಬೇಕಾದ ರಾತ್ರಿ ಕೆಲವೊಮ್ಮೆ ಅಷ್ಟು ಉದ್ದ ಇರುತ್ತದೆ.

ಇಷ್ಟಾದರೂ ನನ್ನೊಳಗಿನ ಕಾವಲುಗಾರ ಪೂರ್ತಿ ಸೋತಿಲ್ಲ. ಅವನ ಒಂದು ಮಾತಿಗೆ ನಾನು ಇನ್ನೂ ಕಿವಿಗೊಡುತ್ತೇನೆ. ಬೆರೆಯುವವರು ಇಬ್ಬರೂ ಸಮಬಲದವರಾಗಿದ್ದಾಗ ಅದು ಬೆರಕೆ. ಒಬ್ಬ ಬಲಿಷ್ಠನಾಗಿದ್ದರೆ ಅದು ನುಂಗುವಿಕೆ ಅಲ್ಲವೇ? ಆಳೆತ್ತರದ ಡಬ್ಬಿಯ ಮುಂದೆ ಹಲಗಿಯ ಸದ್ದು ಕೇಳಿಸುವುದೇ ಇಲ್ಲ. ಅಲ್ಲಿ ಎರಡು ನಾದ ಸೇರುವ ಮಾತೇ ಹುಟ್ಟುವುದಿಲ್ಲ. ಹಲಗಿಯ ಜೊತೆ ಹೋಗುವುದು ಸದ್ದು ಮಾತ್ರವೂ ಅಲ್ಲ. ಸಾವಿಗೊಂದು, ಮೆರವಣಿಗೆಗೊಂದು, ಕುಣಿತಕ್ಕೊಂದು ಹೀಗೆ ಬೇರೆಬೇರೆ ಹೊಡೆತಗಳ ಒಂದು ಭಾಷೆಯೇ ಹೋಗುತ್ತದೆ. ಅದನ್ನು ಬರೆದಿಟ್ಟವರಿಲ್ಲ. ಅದು ಹೋದರೆ ನಷ್ಟವೇ. ಈ ದುಃಖ ನಿಜ, ಅದನ್ನು ನಾನು ಬಿಟ್ಟುಕೊಡಲಾರೆ.

ಬಿಟ್ಟುಕೊಡಬೇಕಾದದ್ದು ಬೇರೆ. ಆ ನಷ್ಟದ ಖರ್ಚನ್ನು ಇನ್ನೊಬ್ಬನ ಹೆಗಲಿಗೆ ಹಾಕುವ ಅಧಿಕಾರವನ್ನು ಬಿಟ್ಟುಕೊಡಬೇಕು. ಹಲಗಿ ಉಳಿಯಬೇಕು ಎನ್ನುವ ಮಾತು ನನ್ನ ಬಾಯಲ್ಲಿ ನ್ಯಾಯದ ಮಾತಾಗಬೇಕಾದರೆ ಮೊದಲು ನಾನು ಹಲಗಿ ಕಲಿಯಬೇಕು. ಇಲ್ಲವೇ ಅದನ್ನು ಬಾರಿಸುವವನಿಗೆ ಹಬ್ಬದ ದಿನದ ಕಾಳು-ಕಡಿ ಬಿಟ್ಟು ಸಂಬಳ ಸಿಗುವಂತೆ, ಗುಡಿಯ ಒಳಗೆ ನಿಂತು ಬಾರಿಸುವಂತೆ ಆಗಲು ಏನಾದರೂ ಮಾಡಬೇಕು. ಇದೊಂದನ್ನೂ ಮಾಡದೆ ಅವನ ಮಗ ಹಲಗಿ ಬಿಟ್ಟ ಎಂದು ನೊಂದುಕೊಳ್ಳುವುದು ನನ್ನ ಸೌಖ್ಯದ ಒಂದು ರೂಪ ಅಷ್ಟೆ.

ಮಾರ್ಬಿಡ್ ಏಂಜೆಲ್ಲಿನ ಅಭಿಮಾನಿಗೆ ಇಷ್ಟು ದೊಡ್ಡ ಪ್ರಶ್ನೆ ಎದುರಾಗುವುದಿಲ್ಲ, ನಿಜ. ಅಲ್ಲಿ ಜಾತಿಯಿಲ್ಲ, ಹಸಿವಿಲ್ಲ. ಆದರೂ ಲೆಕ್ಕ ಅದೇ ರೀತಿಯದು. 1989ರ ಆಲ್ಬಮ್ ಎಲ್ಲೂ ಹೋಗಿಲ್ಲ. 2011ರಲ್ಲಿ ತಂಡ ಏನು ಮಾಡಿದರೂ ಅದರ ಒಂದು ಸ್ವರವೂ ಅಳಿಯಲಿಲ್ಲ. ನನಗೆ ಬೇಕಾದ್ದು ನನ್ನ ಹತ್ತಿರವೇ ಇತ್ತು. ಆದರೂ ನಡುವಯಸ್ಸು ದಾಟುತ್ತಿರುವ ಆ ಮನುಷ್ಯರು ತಮ್ಮ ಇಪ್ಪತ್ತರ ಹರೆಯವನ್ನೇ ನನಗಾಗಿ ಮತ್ತೆ ಮತ್ತೆ ನುಡಿಸುತ್ತಿರಬೇಕೆಂದು ಬಯಸಿದೆ. 2015ರಲ್ಲಿ ಡೇವಿಡ್ ವಿನ್ಸೆಂಟ್ ಮತ್ತೆ ತಂಡದಿಂದ ದೂರವಾದ. 2017ರಲ್ಲಿ ಬಂದ ಮುಂದಿನ ಆಲ್ಬಮ್ ‘ಕಿಂಗ್ಡಮ್ಸ್ ಡಿಸ್‌ಡೇನ್ಡ್’ ಮತ್ತೆ ಶುದ್ಧ ಡೆತ್ ಮೆಟಲ್. ಅಭಿಮಾನಿಗಳು ನೆಮ್ಮದಿಯ ಉಸಿರು ಬಿಟ್ಟರು, ನಾನೂ ಬಿಟ್ಟೆ. ಈಗ ಅದನ್ನು ಕೇಳುವಾಗ ಒಂದು ಸಣ್ಣ ಅನುಮಾನ ಕಾಡುತ್ತದೆ: ಇದು ಪ್ರೀತಿಯಿಂದ ಮನೆಗೆ ಮರಳಿದ್ದೋ, ಬೈಗುಳಕ್ಕೆ ಅಂಜಿ ಮರಳಿದ್ದೋ? ಈ ಅನುಮಾನ ಹುಟ್ಟುವಂತೆ ಮಾಡಿದವರಲ್ಲಿ ನಾನೂ ಒಬ್ಬ. ಪ್ರೀತಿಸುವವರ ಬಾಯಿಗೆ ಹೆದರಿ ಮಾಡಿದ ಸಂಗೀತವನ್ನು ಶುದ್ಧ ಎಂದು ಹೇಗೆ ಕರೆಯುವುದು?

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ಈ ಸಲ ಗೆಳೆಯನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಅವನ ಅಪ್ಪನಿಗೆ, ‘ಕಾಕಾ, ಎರಡು ತಾಸು ಬಾರಿಸಿ ತೋರಸ್ತೀರೇನ್ರಿ, ನನಗ ಬರೋ ಫೆಲೋಶಿಪ್ ರೊಕ್ಕದಾಗ ಇಷ್ಟು ಕೊಡ್ತೀನಿ’ ಎಂದು ಮೊದಲೇ ಹೇಳಿದೆ. ಇಷ್ಟು ದಿನ ಅವರನ್ನು ನಾನು ಬಹುವಚನದಲ್ಲಿ ಮಾತಾಡಿಸಿರಲಿಲ್ಲ ಎನ್ನುವುದು ಆಡುವಾಗಲೇ ಹೊಳೆಯಿತು. ಅವರಿಗೂ ಹೊಳೆದಿರಬೇಕು. ಒಂದು ಗಳಿಗೆ ನನ್ನ ಮುಖ ನೋಡಿ, ‘ಆಯ್ತು ಬಾ’ ಎಂದರು.

ಹಲಗಿ ಹೊರತಂದರು. ನನ್ನ ಟಿಪ್ಪಣಿಗಳಲ್ಲೆಲ್ಲ ನಾನು ಚರ್ಮವಾದ್ಯ ಎಂದು ಬರೆದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಅದಕ್ಕೆ ಚರ್ಮವೇ ಇರಲಿಲ್ಲ. ಕಬ್ಬಿಣದ ಬಳೆಗೆ ನಟ್ಟು ಬೋಲ್ಟು ಹಾಕಿ ಬಿಗಿದ ಫೈಬರ್ ಹಾಳೆ. ಯಾವಾಗಿನಿಂದ ಎಂದು ಕೇಳಿದೆ. ‘ಭಾಳ ವರ್ಷ ಆಯ್ತು. ತೊಗಲಿಂದಾದ್ರ ಮಳಿಗಾಲದಾಗ ಸಡಲ ಬೀಳ್ತದ, ಹೊಡೆತಕ್ಕೊಮ್ಮೆ ಬೆಂಕಿ ಕಾಯಿಸ್ಕೋತ ಕುಂದರಬೇಕು. ಇದಕ್ಕ ಪಾನಾ ಹಾಕಿ ತಿರುವಿದ್ರ ಮುಗೀತು’ ಎಂದರು. ನಾನು ಹುಡುಗನಾಗಿದ್ದಾಗ ಕೇಳಿ ಮರುಳಾಗಿದ್ದ ಆ ಅಪ್ಪಟ ನಾದ ಬಹುಶಃ ಇದೇ ಪ್ಲಾಸ್ಟಿಕ್ಕಿನದು.

ಎರಡು ತಾಸು ಬಾರಿಸಿದರು. ನಡುವೆ ಮಗ ಬಂದು ಗೋಡೆಗೆ ಒರಗಿ ನಿಂತ. ಬಾರಿಸುವುದು ಮುಗಿದ ಮೇಲೆ ಅವನು ಫೋನ್ ತೆಗೆದು ಏನೋ ಹಾಕಿದ. ಡಿಜೆ ಹಾಡು. ಅದರ ಕೆಳಗೆ ಬಿಡದೆ ಓಡುತ್ತಿದ್ದ ತಾಳ ಕೇಳಿದ ಹಾಗಿದೆಯಲ್ಲ ಎಂದುಕೊಂಡೆ. ‘ಅಪ್ಪಂದೇ’ ಎಂದ. ಯಾವಾಗಲೋ ಫೋನಿನಲ್ಲಿ ಹಿಡಿದ ನಾಲ್ಕು ಹೊಡೆತಗಳನ್ನು ಕತ್ತರಿಸಿ, ಮತ್ತೆ ಮತ್ತೆ ತಿರುಗುವಂತೆ ಮಾಡಿದ್ದ. ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷದ ಹಿಂದಿನ ಆ ಜಾತ್ರೆಯಲ್ಲೂ ಇದೇ ಹಾಡು ಓಡಿತ್ತಂತೆ. ನಾನು ಅದರ ಪಕ್ಕದಲ್ಲೇ ನಿಂತು ಹಲಗಿ ಎಲ್ಲಿ ಹೋಯಿತು ಎಂದು ಕೇಳಿದ್ದೆ.

ಅ‍ಪ್ಪ ಇದಕ್ಕೆ ಏನು ಹೇಳುತ್ತಾರೋ ಎಂದು ರೆಕಾರ್ಡರ್ ಆರಿಸದೆ ಕಾದೆ. ಕೈ ಇಲ್ಲದ ತಾಳ, ಜೀವ ಇಲ್ಲದ ಸದ್ದು ಎಂಬಂಥ ಒಂದು ಮಾತು ಅವರ ಬಾಯಿಂದ ಬರಲಿ, ಅದನ್ನು ಪ್ರಬಂಧದ ಕೊನೆಗೆ ಇಡಬಹುದು ಎಂಬ ಆಸೆ ನನಗೆ ಇದ್ದೇ ಇತ್ತು. ಅವರು ಬಲಗೈಯಿಂದ ಎಡ ಹೆಗಲನ್ನು ಒತ್ತಿಕೊಳ್ಳುತ್ತ ಹಾಡು ಪೂರ್ತಿ ಕೇಳಿದರು.

‘ಛಲೋ ಅದ’ ಎಂದರು. ‘ಇದು ದಣಿಯಂಗಿಲ್ಲ ನೋಡು.’